ಮುಚ್ಚಳವಿಲ್ಲದ ಮೋಟರು

ಹನ್ನೊಂದನೆಯ ಸಲ ಹಗ್ಗ ಜಗ್ಗಿದಾಗ ಗುರುಸಿದ್ಧ ದೋಣಿಯೊಳಗೆ ಅಂಗಾತ ಬಿದ್ದ. ಮೋಟರು ಒಮ್ಮೆ ಕೆಮ್ಮಿತು, ನೀರಿನ ಮೇಲೆ ಬೊಗಸೆಯಷ್ಟು ನೀಲಿ ಹೊಗೆ ಬಿಟ್ಟಿತು, ಸುಮ್ಮನಾಯಿತು.

"ಪೆಟ್ರೋಲ್ ಜಾಸ್ತಿ ಕುಡದೈತ್ರಿ," ಎಂದು ದಂಡೆಯ ಮೇಲಿಂದ ಅವಿನಾಶ ಹೇಳಿದ. ಅವನು ಸೊಲ್ಲಾಪುರದ ಪಾಲಿಟೆಕ್ನಿಕ್ಕಿನಲ್ಲಿ ಪಾಠ ಹೇಳುವವನು. ಹಳೆಯ ದೋಣಿ ಮೋಟರುಗಳೆಂದರೆ ಹುಚ್ಚು. ಸುದ್ದಿ ತಿಳಿದೊಡನೆ ಬೈಕ್ ಹತ್ತಿ ಬಂದಿದ್ದ. "ಪ್ಲಗ್ ಒಣಗ್ಲಿ, ಸ್ವಲ್ಪ ತಡೀರಿ."

"ಮುಂಜಾನಿಂದ ತಡದದ್ದ ಆತಲ್ರಿ ಸರ," ಗುರುಸಿದ್ಧ ಎದ್ದು ಧೋತರ ಕೊಡವಿಕೊಂಡ. "ಅವ್ವ ಇದಕ್ಕ ಏನ ಮಾಡತಿದ್ದಳೋ. ಎರಡ ಸಲ ಜಗ್ಗಿದ್ರ ಸಾಕು, ಮೂರನೇದ್ದು ಬೇಕಾಗತಿದ್ದಿಲ್ಲ."

ಅವ್ವ ಸುಗಲಾಬಾಯಿ ದಂಡೆಯ ಬೇವಿನ ಮರದ ಕೆಳಗೆ ಕರಿಯ ಕಂಬಳಿಯ ಮೇಲೆ ಮಲಗಿದ್ದಳು. ಹಣೆ ತುಂಬ ಕುಲದೇವರು ಬಿರೋಬನ ಭಂಡಾರದ ಅರಿಶಿನ. ಬೆಳಗಿನ ಜಾವ ಚಹಾ ಕೇಳಿ, ಚಹಾ ಕುದಿಯುವಷ್ಟರಲ್ಲಿ ಹೋಗಿಬಿಟ್ಟಿದ್ದಳು. ಎಪ್ಪತ್ತನಾಲ್ಕು ವರ್ಷ. ಮೂರು ತಿಂಗಳು ಹಾಸಿಗೆ ಹಿಡಿದಿದ್ದರೂ ನೋವು ತಿಂದವಳಲ್ಲ. ಅದಕ್ಕೇ ಸುತ್ತ ಕುಳಿತ ಹೆಂಗಸರು ಅತ್ತು ಮುಗಿಸಿ ಈಗ ಸಣ್ಣ ದನಿಯಲ್ಲಿ ಮಾತಾಡುತ್ತಿದ್ದರು.

ಹಿನ್ನೀರಿನ ಆಚೆ ದಂಡೆಯಲ್ಲಿ, ಬಿರೋಬನ ಕಟ್ಟೆಯ ಪಕ್ಕ, ಅವಳ ಗಂಡ ಅಮೋಗಸಿದ್ಧನ ಗೋರಿಯಿತ್ತು. ಅಲ್ಲೇ ಇವಳಿಗೂ ಆಚೆ ಊರಿನವರು ಕುಣಿ ತೋಡಿದ್ದರು. ರಸ್ತೆಯಿಂದ ಸುತ್ತಿಕೊಂಡು ಹೋಗೋಣವೆಂದರೆ ಕೊನೆಯ ಎರಡು ಹರದಾರಿ ಕರಿಮಣ್ಣು. ಹೋದ ವಾರದ ಮಳೆಗೆ ಹೂತ ಟ್ರ್ಯಾಕ್ಟರು ಇನ್ನೂ ಅಲ್ಲೇ ನಿಂತಿತ್ತು. ದೋಣಿಯೋ, ನಲವತ್ತು ಕುರಿ ನಿಲ್ಲುವಂಥ ಅಗಲ ತಳದ್ದು. ಎದುರುಗಾಳಿಯಲ್ಲಿ ಅದನ್ನು ಹುಟ್ಟು ಹಾಕಿ ನಡೆಸುವುದು ಯಾರಿಂದಲೂ ಆಗುವ ಕೆಲಸವಲ್ಲ.

ಗುರುಸಿದ್ಧನ ಮಗಳು ಶೀತಲ ಸೆರಗಿನ ಗಂಟಿನಿಂದ ಫೋನು ತೆಗೆದಳು.

"ಯಾರಿಗಿ ಹಚ್ಚಾಕತ್ತೀದಿ?"

"ಸಾವಕಾರ ಅಜ್ಜಾಗ. ಹೆಂಗೂ ಬರಾಕತ್ತಾರ. ಬರೂ ಮುಂದ ಅವರ ಮೋಟರ್ ತರ್ರಿ ಅಂತೀನಿ."

ಗುರುಸಿದ್ಧ ಬೆಚ್ಚಿಬಿದ್ದ. "ಜಾನ್ಸನ್ನಾ? ಆಕಿ ಜನ್ಮಪೂರ್ತಿ ಹಂಗಿಸಿದ ಮೋಟರ್ ಮ್ಯಾಲ ಅವ್ವನ್ನ ಒಯ್ಯೂದಾ?"

"ಎದ್ದು ಕುಂದರತಾಳ ನೋಡು," ಎಂದಳು ನೆರೆಮನೆಯ ಪಾರ್ವತಿಬಾಯಿ. ಹೆಂಗಸರಲ್ಲಿ ಯಾರೋ ಕಿಸಕ್ಕೆಂದು ನಕ್ಕು, ಬಾಯಿಗೆ ಸೆರಗು ಒತ್ತಿಕೊಂಡರು.

*

ಫೋನು ಬಂದಾಗ ಸಾವಕಾರ ಸಾತಲಿಂಗಪ್ಪನ ಜೀಪು ಕುಂಭಾರಿ ದಾಟುತ್ತಿತ್ತು. ಎಪ್ಪತ್ತೊಂಬತ್ತರ ಮುದುಕ. ಸೊಲ್ಲಾಪುರದ ಪೇಟೆಯಲ್ಲಿ ನೀರೆತ್ತುವ ಪಂಪುಗಳ ಅಂಗಡಿ ಅವನದು. ಶೀತಲ ಹೇಳಿದ್ದನ್ನು ಕೇಳಿ, ಡ್ರೈವರನ ಭುಜ ತಟ್ಟಿ ಗಾಡಿ ತಿರುಗಿಸಲು ಹೇಳಿದ.

"ಸತ್ತ ಮನಿಗಿ ಮಂದಿ ಹಾರ ಒಯ್ತಾರ," ಪಕ್ಕದಲ್ಲಿದ್ದ ಹೆಂಡತಿ ಶಾರದಾಬಾಯಿ ಹೇಳಿದಳು. "ನೀವು ಮೋಟರ್ ಒಯ್ತೀರಿ."

"ಹಾರ ಹಾಕಿದ್ರ ದೋಣಿ ನಡಿಯಂಗಿಲ್ಲ."

ಸ್ವಲ್ಪ ದೂರ ಹೋದ ಮೇಲೆ ಅವಳೇ ಮತ್ತೆ ಅಂದಳು: "ಖುಷಿ ಆಗಬೇಕಲ್ರಿ ನಿಮಗ. ಆಕಿ ಮೋಟರ್ ನಿಂತು ನಿಮ್ಮದು ನಡೀತು. ಕಡೀಕ ನೀವ ಗೆದ್ದಂಗಾತು."

ಸಾತಲಿಂಗಪ್ಪ ಕಿಟಕಿಯ ಹೊರಗೆ ನೋಡುತ್ತಿದ್ದ.

"ಗೆದ್ದೀನಿ ಅನ್ನಾಕ ಎದುರಿಗೆ ಆಕಿ ಇರಬೇಕಲ," ಎಂದ.

*

ಮೂವತ್ತೆಂಟು ವರ್ಷದ ಹಿಂದೆ ಸಾತಲಿಂಗಪ್ಪ ಮುಂಬಯಿಯ ಹರಾಜಿನಲ್ಲಿ ಒಂದು ಲಾರಿ ಗುಜರಿ ಸಾಮಾನು ಹಿಡಿದಿದ್ದ. ಹಳೆ ಪಂಪುಗಳ ಅಡಿಯಲ್ಲಿ ಎರಡು ದೋಣಿ ಮೋಟರು ಸಿಕ್ಕವು. ಒಂದು ಜಾನ್ಸನ್ ಸೀ-ಹಾರ್ಸ್, ಐದೂವರೆ ಹಾರ್ಸ್‌ಪವರಿನದು. ಮೈ ತುಂಬ ಹಸಿರು ಮುಚ್ಚಳ, ಅದರ ಮೇಲೆ ಕಡಲಕುದುರೆಯ ಚಿತ್ರ. ಇನ್ನೊಂದು ವಿಲಾಯತಿಯ ಸೀಗಲ್ ಫಾರ್ಟಿ ಪ್ಲಸ್. ಹಿತ್ತಾಳೆಯ ಟಾಕಿ, ಉದ್ದನೆ ಕೊಳವೆ, ತಲೆಯ ಮೇಲೆ ತಿರುಗುವ ಗಾಲಿ, ಎಲ್ಲವೂ ಬಯಲಿಗೆ. ಒಂದು ಮದುವೆಗೆ ಹೊರಟ ವರನ ಹಾಗಿತ್ತು, ಇನ್ನೊಂದು ನಲ್ಲಿ ರಿಪೇರಿಯವನ ಚೀಲದಿಂದ ಬಿದ್ದ ಹಾಗೆ. ವರನನ್ನು ಅವನು ಮನೆಯ ಮಾಳಿಗೆಗೆ ಒಯ್ದು, ನೀರು ತುಂಬಿದ ಪೀಪಾಯಿಗೆ ಕಟ್ಟಿ, ಭಾನುವಾರಕ್ಕೊಮ್ಮೆ ಓಡಿಸಿ ಕಿವಿ ತಂಪು ಮಾಡಿಕೊಂಡ. ಇನ್ನೊಂದನ್ನು, ಪಂಪಿನ ವಾಷರು ಕೊಳ್ಳಲು ಬಂದ ಕುರುಬ ಅಮೋಗಸಿದ್ಧನಿಗೆ ಎರಡು ಕಂಬಳಿಗೆ ಕೊಟ್ಟುಬಿಟ್ಟ. ಅಮೋಗಸಿದ್ಧನ ಹಟ್ಟಿ ನೀರಿನ ಈಚೆ, ಹುಲ್ಲುಗಾವಲು ಆಚೆ.

ಅಮೋಗಸಿದ್ಧ ಎಂಟು ದಿನ ಹಗ್ಗ ಜಗ್ಗಿದ. ಒಂಬತ್ತನೆಯ ದಿನ ಮೋಟರಿನ ತಾಯಿ-ತಂದೆಯನ್ನೆಲ್ಲ ಬೈದು, ಕುರಿ ಹೊಡೆದುಕೊಂಡು ಸುತ್ತುದಾರಿ ಹಿಡಿದ. ಅವನು ಮರೆಯಾದ ಮೇಲೆ ಸುಗಲಾಬಾಯಿ ಜೋಳದ ಚೀಲ ಹಾಸಿದಳು. ನೀರೆಂದರೆ ಅಂಜುತ್ತಿದ್ದ ಹೆಂಗಸು, ಸಾಲಿಯ ಮೆಟ್ಟಿಲು ಹತ್ತಿದವಳಲ್ಲ. ಮೋಟರನ್ನು ಒಂದೊಂದೇ ತಿರುಪು ಬಿಚ್ಚಿ, ಬಿಚ್ಚಿದ ಸಾಲಿನಲ್ಲೇ ಮೊರದ ಮೇಲೆ ಇಟ್ಟು, ಸೀಮೆಎಣ್ಣೆಯಲ್ಲಿ ತೊಳೆದಳು. ಅದೇ ಸಾಲಿನಲ್ಲಿ ಹಿಂದಿನಿಂದ ಮುಂದಕ್ಕೆ ಜೋಡಿಸಿದಳು. ಮೂರನೆಯ ದಿನ ಇಳಿಹೊತ್ತಿಗೆ ಅದು ಭರ್ರೆಂದಿತು. ಮರಕ್ಕೆ ಕಟ್ಟಿದ ದೋಣಿ ಹಗ್ಗ ಬಿಗಿಯುವವರೆಗೆ ಓಡಿ, ನಿಂತಲ್ಲೇ ನೀರು ಚಿಮ್ಮಿಸತೊಡಗಿತು. ನಿಲ್ಲಿಸುವುದು ಹೇಗೆಂದು ಅವಳಿಗೆ ಗೊತ್ತಿರಲಿಲ್ಲ. ಅಮೋಗಸಿದ್ಧ ಕುರಿಗಳೊಂದಿಗೆ ಬಂದು ನೋಡಿದರೆ ಹೆಂಡತಿ ಮೈಯೆಲ್ಲ ತೊಯ್ದು, ಹಿಡಿಕೆ ಹಿಡಿದು, ಪೆಟ್ರೋಲು ತೀರುವುದನ್ನೇ ಕಾಯುತ್ತ ಕುಳಿತಿದ್ದಳು.

"ಅಂಜಿದಿ ಏನಲೇ?" ಎಂದು ದಂಡೆಯಿಂದ ಕೂಗಿದ.

"ಸುಮ್ಕಿರ್ರಿ," ಎಂದಳಂತೆ. "ಈಗ ತಿಳಿಯಾಕತ್ತೈತಿ."

ಆಮೇಲೆ ದೋಣಿ ಅವಳದೇ ಆಯಿತು. ಕುರಿಗಳನ್ನು ದಾಟಿಸಿದಳು, ಆಚೆ ಊರಿನ ಮಾಸ್ತರರನ್ನು, ಕಬ್ಬು ಕಡಿಯುವವರನ್ನು, ಬಿರೋಬನ ಡೊಳ್ಳಿನವರನ್ನು, ದಾರಿಯುದ್ದಕ್ಕೂ ವಾಂತಿ ಮಾಡಿದ ಒಬ್ಬ ಮದುವಣಗಿತ್ತಿಯನ್ನು. ಸೀಗಲ್ ಎಂದರೆ ಕಡಲಿನ ಬಿಳಿ ಹಕ್ಕಿ ಎಂದು ಸಾತಲಿಂಗಪ್ಪ ಹೇಳಿದ್ದ. ಕಡಲು ನೋಡದ ಅವಳು ಅದಕ್ಕೆ ಬೆಳ್ಳಕ್ಕಿ ಎಂದು ಹೆಸರಿಟ್ಟಳು.

*

ಆ ಕೊಳವೆ ಮೋಟರು ಇನ್ನೂ ಬದುಕಿದೆಯೇ ಎಂದು ನೋಡಲು ಮರುವರ್ಷ ಬಂದ ಸಾತಲಿಂಗಪ್ಪ, ಆಮೇಲೆ ಪ್ರತಿ ಜನವರಿಗೂ ತನ್ನ ಜಾನ್ಸನ್ ಹೊತ್ತುಕೊಂಡು ಬರತೊಡಗಿದ. ಅವನ ಬೆನ್ನಿಗೆ ಇದೇ ಹುಚ್ಚಿನ ಬೇರೆ ಮಂದಿಯೂ ಕೂಡಿಕೊಂಡರು. ಒಬ್ಬನದು ಪುಟ್ಟ ಎವಿನ್‌ರೂಡ್, ಇನ್ನೊಬ್ಬನದು ಕರಿಯ ಮರ್ಕ್ಯುರಿ, ಅವಿನಾಶನದು ಸೀಗಲ್ ಸೆಂಚುರಿ. ಸುಗಲಾಬಾಯಿ ಎಲ್ಲರಿಗೂ ಜೋಳದ ರೊಟ್ಟಿ, ಶೇಂಗಾ ಹಿಂಡಿ ಇಡುತ್ತಿದ್ದಳು. ಉಂಡಾದ ಮೇಲೆ ಬೇವಿನ ಕೆಳಗೆ ಒಂದೇ ಮಾತು: ಯಾವ ಮಾಡೆಲ್ ಎಲ್ಲಕ್ಕಿಂತ ಮೇಲು?

ಈ ಜನವರಿಯಲ್ಲೂ ಅದೇ ಆಗಿತ್ತು.

"ನನ್ನ ಕುದುರಿ," ಎಂದಿದ್ದ ಸಾತಲಿಂಗಪ್ಪ. "ತೊಟ್ಟಲಾಗಿನ ಕೂಸು ಏಳಂಗಿಲ್ಲ, ಅಂಥಾ ಆವಾಜ. ನಿಮ್ಮ ಮೈಲಾರಲಿಂಗನೂ ಕುದುರಿ ಮ್ಯಾಲೇ ಕುಂದರತಾನ. ನೀ ಯಾಕವಾ ಹಕ್ಕಿ ಬೆನ್ನ ಹತ್ತೀದಿ?"

"ಮೈಲಾರಲಿಂಗ ನೀರಾಗ ಕುದುರಿ ಓಡಿಸಿಲ್ಲರಿ ಸಾವಕಾರ್ರ."

ಎಲ್ಲರೂ ನಕ್ಕರು. ಅವಳು ನಗದೆ ಮುಂದುವರಿಸಿದಳು: "ನಿಮ್ಮದು ಚಂದ ಐತಿ, ಇಲ್ಲ ಅನ್ನಂಗಿಲ್ಲ. ಆದ್ರ ಮುಚ್ಚಳ ಹಾಕ್ಕೊಂಡು ಕುಂತೈತಿ. ಒಳಗ ಏನ ನಡದೈತಿ ಹೆಂಗ ತಿಳೀಬೇಕು? ಕುರಿಗೆ ಹೊಟ್ಟಿನೋವಾದ್ರ ನಾ ಕಿವಿ ನೋಡಿ ಹೇಳತೀನಿ. ನನ್ನ ಬೆಳ್ಳಕ್ಕಿದೂ ಹಂಗ. ಬ್ಯಾನಿನೂ ಹೊರಗ, ಸುಖಾನೂ ಹೊರಗ."

"ಮುಚ್ಚಳ ತಗದ್ರ ಅದರ ಚಂದ ಹೋಗತೈತಿ."

"ಹಂಗಾರ ಚಂದ ನೋಡ್ಕೋಂತ ಕುಂದರ್ರಿ."

ಆ ಮುಚ್ಚಳವನ್ನು ಸಾತಲಿಂಗಪ್ಪ ಯಾರೆದುರಿಗೂ ತೆಗೆದವನಲ್ಲ. ಅವಿನಾಶ ಎಷ್ಟೋ ಸಲ ಕೇಳಿದ್ದ. ಮುದುಕ ಪ್ರತಿ ಸಲವೂ ಮಾತು ಹಾರಿಸಿದ್ದ.

*

ಜೀಪು ಬಂದಾಗ ಹೊತ್ತು ನೆತ್ತಿಯಿಂದ ವಾಲಿತ್ತು. ಸಾತಲಿಂಗಪ್ಪ ಮೊದಲು ಮರದ ಕೆಳಗೆ ಹೋಗಿ ಸುಗಲಾಬಾಯಿಯ ಕಾಲಿನ ಹತ್ತಿರ ನಿಂತ. ಆಮೇಲೆ ದೋಣಿಗೆ ಬಂದ. ಅವಿನಾಶ ಸೀಗಲ್ಲಿನ ತಿರುಪು ಸಡಿಲಿಸುತ್ತಿದ್ದ.

"ಬಿಚ್ಚಬ್ಯಾಡ್ರಿ ಅದನ್ನ," ಎಂದ ಮುದುಕ. "ಇರ್ಲಿ ಅಲ್ಲೇ. ಇದನ್ನ ಬಾಜೂಕ ಕಟ್ಟರಿ."

ಹೀಗೆ ದೋಣಿಯ ಹಿಂದೆ ಎರಡು ಮೋಟರು ಸಾಲಾಗಿ ನಿಂತವು. ಸುಗಲಾಬಾಯಿಯನ್ನು ಕಂಬಳಿಯ ಸಮೇತ ಎತ್ತಿ, ತಲೆ ಹಿಂಬದಿಗೆ ಬರುವಂತೆ ಮಲಗಿಸಿದರು. ಮಕ್ಕಳು, ನೆಂಟರು, ಪಾರ್ವತಿಬಾಯಿ, ಅವಿನಾಶ, ಇಬ್ಬರು ಡೊಳ್ಳಿನವರು ಹತ್ತಿದರು. ಶಾರದಾಬಾಯಿ ದೋಣಿಯ ಅಂಚು ಗಟ್ಟಿಯಾಗಿ ಹಿಡಿದು ಕುಳಿತಳು. ಸಾತಲಿಂಗಪ್ಪ ಜಗ್ಗಿದ. ಜಾನ್ಸನ್ ಮೊದಲ ಸಲಕ್ಕೇ ಚಾಲೂ ಆಯಿತು. ಯಾರೂ ಹೊಗಳಲಿಲ್ಲ.

ನಡುನೀರಿಗೆ ಬಂದಾಗ ಅವನು ತಗ್ಗಿದ ದನಿಯಲ್ಲಿ ಕೇಳಿದ: "ಶೀತಲ, ಕಡೀಕ ಆಕಿ ನನ್ನ ಮೋಟರ್ ಬಗ್ಗೆ ಏನರ ಅಂದಿದ್ದಳೇನು?"

ಶೀತಲ ಅಪ್ಪನ ಮುಖ ನೋಡಿದಳು. ಪಾರ್ವತಿಬಾಯಿ ಕಣ್ಣಲ್ಲೇ, ಒಂದು ಒಳ್ಳೆ ಮಾತು ಹೇಳಿಬಿಡು ಎಂದಳು.

"ಅಂದಿದ್ದಳ ಅಜ್ಜಾ."

"ಏನಂತ?"

"ಹೋದ ಸೋಮಾರ, ಮಲಕೊಂಡಲ್ಲೇ. 'ಸಾವಕಾರ್ರು ಮನಶ್ಯಾ ಭಾಳ ಚಲೋ. ಮೋಟರಿಗಷ್ಟ ಮುಚ್ಚಳ ಜಾಸ್ತಿ' ಅಂದ್ಲು."

ಸಾತಲಿಂಗಪ್ಪನ ಭುಜ ಅಲುಗತೊಡಗಿತು. ಅಳುತ್ತಾನೆಂದುಕೊಂಡರು. ಅವನು ನಗುತ್ತಿದ್ದ. ಎದೆಯಾಳದಿಂದ, ತಡೆಯಲಾರದೆ, ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಧೋತರದ ಚುಂಗಿನಿಂದ ಮುಖ ಒರೆಸಿಕೊಂಡು, ಹಿಡಿಕೆಯನ್ನು ಗುರುಸಿದ್ಧನ ಕೈಗೆ ಕೊಟ್ಟ. ಮುಚ್ಚಳದ ಕೊಂಡಿ ಬಿಚ್ಚಿ, ಎರಡೂ ಕೈಯಿಂದ ಎತ್ತಿ, ಕೆಳಗಿಟ್ಟ.

ಸದ್ದು ಒಮ್ಮೆಲೇ ದೊಡ್ಡದಾಯಿತು. ಅವಿನಾಶ ಬಗ್ಗಿ ನೋಡಿದ. ಒಳಗೆ ಒಂದು ತಂತಿಗೆ ಸೊಲ್ಲಾಪುರದ ಟವೆಲಿನ ಅಂಚು ಸುತ್ತಿತ್ತು. ಸ್ಪ್ರಿಂಗು ಹೊಲಿಗೆ ಯಂತ್ರದ್ದು. ಮತ್ತೆ ನಡುವೆ, ಬೆಸುಗೆ ಹಚ್ಚಿ ಕೂರಿಸಿದ್ದು—

"ಸಾವಕಾರ್ರ, ಇದು ಸ್ಕೂಟರಿನ ಕಾರ್ಬುರೇಟರ್!"

"ಹೂಂ. ಇಪ್ಪತ್ತ ವರ್ಷಾತು. ಮೂಲದ್ದು ಎಲ್ಲೂ ಸಿಗಲಿಲ್ಲ."

"ಮತ್ತ ನಮಗೆಲ್ಲ ಒರಿಜಿನಲ್, ಒರಿಜಿನಲ್ ಅಂತ..."

"ಅದಕ್ಕ ಮುಚ್ಚಳ." ಮುದುಕ ಸುಗಲಾಬಾಯಿಯ ಕಡೆ ಬಗ್ಗಿದ. "ನೋಡವಾ. ಇಷ್ಟ ಐತಿ. ಬ್ಯಾರೆ ಏನೂ ಇಲ್ಲ."

ಹಿಡಿಕೆ ಹಿಡಿದ ಗುರುಸಿದ್ಧ ಅವನ ಕಡೆ ತಿರುಗಿದ. "ಅವ್ವಗ ಗೊತ್ತಿತ್ರಿ."

"ಏನು?"

"ಆವಾಜ ಕೇಳಿ ಯಾವಾಗೋ ಹಿಡದಿದ್ದಳು. 'ಸಾವಕಾರ್ರ ಕುದುರಿ ಹೊಟ್ಟ್ಯಾಗ ಸ್ಕೂಟರ್ ಓಡತೈತಿ' ಅಂತಿದ್ದಳು ಮನ್ಯಾಗ. ಮಂದಿ ಮುಂದ ಅನಬ್ಯಾಡ ಅಂತ ನನ್ನಿಂದ ಆಣಿ ಮಾಡಿಸಿಕೊಂಡಿದ್ದಳು."

ಸಾತಲಿಂಗಪ್ಪ ಮುಚ್ಚಳವನ್ನು ಕಾಲಿನಿಂದ ದೂರ ಸರಿಸಿದ. ಶಾರದಾಬಾಯಿ ಅಂಚು ಬಿಟ್ಟು, ಗಂಡನ ಬೆನ್ನ ಮೇಲೆ ಕೈಯಿಟ್ಟಳು. ಬತ್ತಲೆ ಮೋಟರು ನಡುಗುತ್ತ, ಎಣ್ಣೆಯ ಹನಿ ಸಿಡಿಸುತ್ತ, ಅವರನ್ನೆಲ್ಲ ಆಚೆ ದಂಡೆಗೆ ಒಯ್ದಿತು.

*

ಡೊಳ್ಳು ಬಾರಿಸಿದರು. ಅಮೋಗಸಿದ್ಧನ ಪಕ್ಕದಲ್ಲಿ ಅವಳನ್ನು ಇಳಿಸಿ, ಮೊದಲು ಗುರುಸಿದ್ಧ, ಆಮೇಲೆ ಎಲ್ಲರೂ ಮಣ್ಣು ಕೊಟ್ಟರು. ಭಂಡಾರ ತೂರಿದರು. ಕೈಕಾಲು ತೊಳೆದು ಒಬ್ಬೊಬ್ಬರಾಗಿ ದೋಣಿಗೆ ಬಂದು ಕುಳಿತಾಗ ಎಣಿಕೆಗೆ ಒಬ್ಬ ಕಡಿಮೆ.

ಸಾತಲಿಂಗಪ್ಪ ಬಿರೋಬನ ಕಟ್ಟೆಗೆ ಒರಗಿ ಕುಳಿತವನು ಹಾಗೆಯೇ ನಿದ್ದೆ ಹೋಗಿದ್ದ. ಟೋಪಿ ಮೂಗಿನ ಮೇಲೆ ಜಾರಿತ್ತು. ಗೊರಕೆ ದೋಣಿಯವರೆಗೆ ಕೇಳುತ್ತಿತ್ತು.

"ಎಬ್ಬಿಸಲೇನು?" ಎಂದಳು ಶಾರದಾಬಾಯಿ. "ಅವರ ಹೊರತು ಅದನ್ನ ಚಾಲೂ ಮಾಡವರ ಯಾರು? ಹೊತ್ತಾಗತೈತಿ ನಿಮಗ."

"ಎಲ್ಲಿಗಿ ಹೋಗೂದೈತ್ರಿ ನಮಗ," ಎಂದ ಗುರುಸಿದ್ಧ. "ಮಲಗ್ಲಿ."

ಡೊಳ್ಳಿನವರು ಎಲೆಯಡಿಕೆ ತೆಗೆದರು. ಗಾಳಿ ನಿಂತಿತ್ತು. ಗುಡ್ಡದ ಇಳಿಜಾರಿನಿಂದ ಕುರಿಗಳು ನೀರಿಗೆ ಇಳಿದು ಬಂದು ದೋಣಿಯ ಸುತ್ತ ತಲೆ ಬಗ್ಗಿಸಿದವು. ಒಂದು ಮರಿ ಹಲಗೆ ಹತ್ತಿ ಒಳಗೆ ಬಂದು, ಜಾಗ ಹುಡುಕಿ, ಶಾರದಾಬಾಯಿಯ ಕಾಲ ಮೇಲೆ ಗದ್ದವಿಟ್ಟು ಮಲಗಿತು. ಹುಟ್ಟಿದಾರಭ್ಯ ಕುರಿ ಮುಟ್ಟದ ಅವಳು ಸೀರೆಯ ನಿರಿಗೆ ಎಳೆದುಕೊಳ್ಳಲು ಬಗ್ಗಿದಳು. ಬಗ್ಗಿದವಳು ಎಳೆಯಲಿಲ್ಲ. ಅದು ಏಳದಂತೆ ಕಾಲು ಅಲುಗಿಸದೆ ಕುಳಿತಳು.