ಒಂದೇ ಕಾಲುವೆ

ಎರಡು ದಾರಿಯಲ್ಲಿ ಹೋಗಬೇಕಿದ್ದ ಎರಡು ಕೇಬಲ್ಲುಗಳನ್ನು ಒಂದೇ ಕಾಲುವೆ ತೋಡಿ ಅದರಲ್ಲಿಟ್ಟು ಮಣ್ಣು ಮುಚ್ಚಿದರು. ನೆಲ ತೋಡುವ ಯಂತ್ರ ಒಂದೇ ಏಟಿಗೆ ಎರಡನ್ನೂ ಕತ್ತರಿಸಿತು. ಗಣಿಯೊಳಗೆ ವಿಷಗಾಳಿ ಏರುತ್ತಿದ್ದ ಸುದ್ದಿ ರಕ್ಷಣಾ ಕೇಂದ್ರವನ್ನು ಮುಟ್ಟಲಿಲ್ಲ. ಕೆಳಗಿಳಿದಿದ್ದ ಕಾರ್ಮಿಕ ಗಟ್ಟಯ್ಯ ಮೇಲೆ ಬರಲಿಲ್ಲ.

ಗೋದಾವರಿ ದಂಡೆಯ ಆ ಕಲ್ಲಿದ್ದಲಿನ ಊರಿನಲ್ಲಿ ಗಣಿ, ಆಸ್ಪತ್ರೆ, ರಕ್ಷಣಾ ಕೇಂದ್ರ, ದೊಡ್ಡ ಆಫೀಸು, ಒಂದೊಂದರ ಕಂಪ್ಯೂಟರುಗಳೂ ತಂತಮ್ಮ ಗೋಡೆಯೊಳಗೇ ಮಾತಾಡಿಕೊಂಡಿದ್ದವು. ಅವನ್ನೆಲ್ಲ ಗಾಜಿನ ಎಳೆಯ ಕೇಬಲ್ಲಿನಿಂದ ಬಳೆಯ ಹಾಗೆ ಸುತ್ತಿ ಜೋಡಿಸುವ ನಕ್ಷೆ ನೆಟ್‌ವರ್ಕ್ ಇಂಜಿನಿಯರ್ ಸಾರಕ್ಕನದು. ಒಂದು ಕಡೆ ತುಂಡಾದರೆ ಸುದ್ದಿ ಹೊತ್ತ ಬೆಳಕು ತಾನೇ ದಾರಿ ಬದಲಿಸಿ ಇನ್ನೊಂದು ಕಡೆಯಿಂದ ಸುತ್ತಿ ಬರಬೇಕು. ಒಂದು ದಾರಿ ರೈಲು ಹಳಿಯ ಪಕ್ಕ, ಇನ್ನೊಂದು ಕೆರೆಯಾಚೆ ಎಂದು ಗೆರೆ ಎಳೆದುಕೊಟ್ಟಿದ್ದಳು. ಚೀಫ್ ಇಂಜಿನಿಯರ್ ನರಹರಿರಾವು ಎರಡನ್ನೂ ಹಳಿಯ ಪಕ್ಕವೇ ಹೂಳಿಸಿದ. ಕೆರೆಯಾಚೆ ತೋಡುವುದು ದುಬಾರಿ. ಗಟ್ಟಯ್ಯ ಅಗ್ಗ. ಸಾರಕ್ಕನಿಗೆ ಇದು ತಿಳಿದದ್ದು ತುಂಡಾದ ಎಳೆಗಳ ಮುಂದೆ ನಿಂತಾಗ.

ಊರಿಗೆ ತಿಳಿದದ್ದೇ ಬೇರೆ. ಸಾರಕ್ಕನ ಬೆಳಕು ದಾರಿ ಬದಲಿಸಲಿಲ್ಲವಂತೆ. ಹಾಗೆಂದು ಹಬ್ಬಿಸಿದವನೂ ರಾವೇ. ಕ್ಯಾಂಟೀನಿನಲ್ಲಿ ಅವಳು ಡಬ್ಬಿ ಬಿಚ್ಚಿದರೆ ಬೆಂಚು ಖಾಲಿಯಾಗುತ್ತಿತ್ತು. ಹೂ ಪೇರಿಸಿ ಪೂಜಿಸುವ ಬತುಕಮ್ಮ ಹಬ್ಬದ ಸಂಜೆ ಕ್ವಾರ್ಟರ್ಸಿನ ಹೆಂಗಸರು ಸುತ್ತುಗಟ್ಟಿ ಹಾಡುವುದು ಕೇಳಿಸಿತು. ಯಾರೂ ಅವಳ ಬಾಗಿಲು ತಟ್ಟಲಿಲ್ಲ. ಅವಳು ತಟ್ಟೆಯಲ್ಲಿ ಪೇರಿಸಿಟ್ಟ ತಂಗಡಿ ಹೂ ಅಲ್ಲೇ ಬಾಡಿತು. ನಲ್ಲಿಯ ಹತ್ತಿರ ಗಟ್ಟಯ್ಯನ ಹೆಂಡತಿ ಪೋಶವ್ವ ಸಿಕ್ಕಾಗ ಒಂದೇ ಮಾತು ಕೇಳಿದಳು.

"ನಿನ್ನ ಬೆಳಕಿಗೆ ದೊಡ್ಡ ಆಫೀಸಿನ ದಾರಿ ಮಾತ್ರ ಗೊತ್ತೇನಮ್ಮಾ?"

ಕಾಲುವೆ ಎಂದು ಸಾರಕ್ಕ ಬಾಯಿ ತೆರೆಯುವಷ್ಟರಲ್ಲಿ ಅವಳು ಕೊಡ ಎತ್ತಿಕೊಂಡು ಹೋಗಿದ್ದಳು.

ತುಂಡಾದ ಎಳೆಗಳನ್ನು ಅದೇ ಕಾಲುವೆಯಲ್ಲೇ ಬೆಸೆದು ಮತ್ತೆ ಮುಚ್ಚಿದರು. ಬೆಳಕು ದಾರಿ ಬದಲಿಸುವುದನ್ನು ಕಣ್ಣಾರೆ ನೋಡದೆ ಗಣಿಗೆ ಇಳಿಯುವುದಿಲ್ಲ ಎಂದು ಕಾರ್ಮಿಕರು ಕೂತರು. ಕಂಟ್ರೋಲ್ ರೂಮಿಗೆ ಕರೆದು ತೋರಿಸೋಣ ಎಂದ ರಾವು. ಸಾರಕ್ಕನನ್ನು ಒಳಗೆ ಕರೆದು ಮೆತ್ತಗೆ ಹೇಳಿದ: ಒಂದು ವೈರು ಎಳೆದು ಬಿಡಿಸಿದರೆ ಸಾಕು, ಬೆಳಕು ಇನ್ನೊಂದರಲ್ಲಿ ಸುತ್ತಿ ಬರುತ್ತದೆ, ಅವರು ಇಳಿಯುತ್ತಾರೆ, ಸುಳ್ಳು ಹೇಳುವುದೂ ಬೇಡ, ಬಾಯಿ ಮುಚ್ಚಿಕೊಂಡಿದ್ದರಾಯಿತು. ಅವನ ಮಾತು ನಿಜವೇ ಆಗಿತ್ತು. ರೂಮಿನಲ್ಲಿ ಎಳೆದ ವೈರಿಗೆ ಹಳಿಯ ಪಕ್ಕದ ಮಣ್ಣಿನ ಸಂಗತಿ ಏನು ಗೊತ್ತು?

ಕಾರ್ಮಿಕರು ಹೆಲ್ಮೆಟ್ಟು ಕಂಕುಳಲ್ಲಿಟ್ಟುಕೊಂಡು ಬಂದು ನಿಂತರು. ಮುಂದಿದ್ದವನು ಗಟ್ಟಯ್ಯನ ತಮ್ಮ ಓದೆಲು. ಸಾರಕ್ಕ ವೈರಿನ ಮೇಲೆ ಬೆರಳಿಟ್ಟಳು. ಲೈನು ಸರಿಯಿದೆ ಎನ್ನುವ ದೀಪ ಹಸಿರಾಗಿ ಉರಿಯುತ್ತಿತ್ತು.

"ಎಳಿಯಮ್ಮಾ, ಷಿಫ್ಟಿಗೆ ಹೊತ್ತಾಯ್ತು," ಎಂದ ರಾವು.

ಅವಳ ಕೈ ಅಲ್ಲಾಡಲಿಲ್ಲ.

"ಮೇಡಮ್ಮಿಗೆ ತನ್ನ ಕೆಲಸದ ಮೇಲೆ ತನಗೇ ನಂಬಿಕೆ ಇಲ್ಲ ನೋಡ್ರಪ್ಪ," ಎಂದ ಓದೆಲು. ಹಿಂದಿದ್ದವರು ನಕ್ಕರು.

ಸಾರಕ್ಕ ಬೆರಳು ತೆಗೆದು ಅವನ ಕಡೆ ತಿರುಗಿದಳು.

"ಎಳೆದರೆ ದೀಪ ಹಸಿರಾಗೇ ಇರುತ್ತೆ ಅಣ್ಣಾ. ಅದಕ್ಕೇ ಎಳೆಯಲ್ಲ. ಎರಡು ಕೇಬಲ್ಲೂ ಇವತ್ತಿಗೂ ಒಂದೇ ಕಾಲುವೇಲಿ ಮಲಗಿವೆ. ಗುದ್ದಲಿ ತಗೊಂಡು ಹಳಿ ಹತ್ರ ಬನ್ನಿ, ತೋರಿಸ್ತೀನಿ."

ನಗು ನಿಂತಿತು.

"ಸಾರಕ್ಕಾ, ಇದು ಆರ್ಡರು. ವೈರು ಎಳಿ," ಎಂದ ರಾವು.

"ಎಳೆಯಲ್ಲ ಸಾರ್."