ರುಚಿಯ ಕಲಂ

ನಗರದ ನೀರು ಪರೀಕ್ಷಾಲಯದಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದುದು ‘ನಾಲಿಗೆ ಮೇಡಂ’ ಎಂದು. ಯಂತ್ರಗಳು ಉಪ್ಪು, ಗಡಸುತನ, ಕ್ಲೋರಿನ್ ಎಲ್ಲವನ್ನೂ ಅಳೆದ ಮೇಲೆ ವರದಿಯಲ್ಲಿ ಉಳಿಯುವ ಕೊನೆಯ ಕಲಂ ರುಚಿ. ಅದಕ್ಕೆ ಯಂತ್ರವಿಲ್ಲ. ಒಂದು ಗುಟುಕು ಬಾಯಿಗೆ ಹಾಕಿ, ಹತ್ತು ಎಣಿಸಿ, ಉಗುಳಿ, ಬರೆಯುವುದು ಹದಿನೇಳು ವರ್ಷಗಳಿಂದ ಅವಳ ಕೆಲಸ.

ಆ ಬೆಳಗ್ಗೆ ಮೇಜಿನ ಮೇಲಿದ್ದ ನೀರು ಬೇರೆ ಲೋಕದ್ದು.

ಒಂಬತ್ತು ದಿನಗಳಿಂದ ಹಳೆಯ ವಿಮಾನ ನಿಲ್ದಾಣದ ಬಯಲಿನಲ್ಲಿ ಆ ಲೋಕದವರ ನೌಕೆ ನಿಂತಿತ್ತು. ಯಾರೂ ಹೊರಬಂದಿರಲಿಲ್ಲ. ಮೂರನೆಯ ದಿನ ಬಾಗಿಲ ಹೊರಗೆ ಖಾಲಿ ಪಾತ್ರೆಯೊಂದನ್ನು ಇಟ್ಟರು. ಏನು ಕೇಳುತ್ತಿದ್ದಾರೋ ಎಂದು ತಲೆ ಕೆಡಿಸಿಕೊಂಡ ಆಡಳಿತ ಕೊನೆಗೆ ನೀರು ತುಂಬಿಸಿ ಕಳಿಸಿತು. ತುಂಬಿಸಿದವಳು ಇವಳೇ, ಇದೇ ಕೋಣೆಯ ನಲ್ಲಿಯಿಂದ. ನಿನ್ನೆ ಸಂಜೆ ಅದೇ ಪಾತ್ರೆ ತುಂಬಿ ಹೊರಬಂದಿತ್ತು. ಇವತ್ತು ಹನ್ನೆರಡಕ್ಕೆ ವರದಿ ಹೋಗಬೇಕು. ‘ಕುಡಿಯಲು ಯೋಗ್ಯ’ ಎಂದಿದ್ದರೆ ಮಾತುಕತೆ. ಇಲ್ಲವಾದರೆ, ಬಯಲಿನ ಸುತ್ತ ಕಾದು ನಿಂತ ಸೈನ್ಯ ಅವರನ್ನು ಓಡಿಸುತ್ತದೆ.

“ಅಯೋಗ್ಯ ಅಂತ ಬರೆದು ಕೈ ತೊಳ್ಕೊಳ್ಳೋಣ,” ಎಂದರು ಮುಖ್ಯಾಧಿಕಾರಿ. ಅವರು ಅವಳ ಅಕ್ಕನ ಗಂಡ; ಕಚೇರಿಯಲ್ಲಿ ‘ಸಾರ್’, ವಾದಕ್ಕಿಳಿದಾಗ ‘ಭಾವ’. “ಕ್ಲೋರಿನ್ ಬಂದಿದೆ ನೋಡು. ಅವರ ಲೋಕದ ನೀರಿಗೆ ಅದೆಲ್ಲಿಂದ ಬರುತ್ತೆ? ಬೇಕಂತಲೇ ಹಾಕಿದ್ದಾರೆ.”

“ಎಷ್ಟಿದೆ ಸಾರ್?”

“ಸೊನ್ನೆ ಪಾಯಿಂಟ್ ನಾಲ್ಕು.”

ಅವಳು ರಿಜಿಸ್ಟರ್ ತೆಗೆದಳು. ಅಂದು ಪಾತ್ರೆ ತುಂಬಿಸುವ ಮೊದಲು, ಯಾರೂ ಹೇಳದಿದ್ದರೂ ಅಭ್ಯಾಸಬಲದಿಂದ ನಲ್ಲಿ ನೀರನ್ನು ಅಳೆದು ಬರೆದಿಟ್ಟಿದ್ದಳು. ಸೊನ್ನೆ ಪಾಯಿಂಟ್ ನಾಲ್ಕು.

“ಹಾಗಾದ್ರೆ ನಮ್ಮ ನೀರನ್ನೇ ವಾಪಸ್ ಕಳ್ಸಿದ್ದಾರೆ, ಮೂಸಿ ಕೂಡ ನೋಡಿಲ್ಲ.”

“ಅಲ್ಲ ಭಾವ. ನಮ್ಮ ನೀರಿನ ಗಡಸುತನ ಇನ್ನೂರು ಹತ್ತು, ಇದರದ್ದು ಬರೀ ಒಂಬತ್ತು. ನೀರು ಅವರದ್ದೇ. ನಮ್ಮದರಲ್ಲಿ ಕ್ಲೋರಿನ್ ಎಷ್ಟಿತ್ತೋ ಅಷ್ಟನ್ನೇ ಅಳೆದು ಹಾಕಿದ್ದಾರೆ. ನಮಗೆ ಅದು ಇಷ್ಟ ಅಂದ್ಕೊಂಡಿದ್ದಾರೆ!”

ಶೀಶೆ ತೊಳೆಯುವ ದೊಡ್ಡಮ್ಮ ಕಿಸಕ್ಕನೆ ನಕ್ಕಳು. “ನಾವು ಕೈತಪ್ಪಿ ಉಪ್ಪು ಸುರಿದು ಬಡಿಸಿದ ಹಾಗಾಯ್ತು. ಅವರು ಪಾಪ, ಇವರ ರುಚಿನೇ ಇಷ್ಟು ಅಂತ ತಾವೂ ಸುರಿದಿದ್ದಾರೆ!”

ಭಾವ ನಗಲಿಲ್ಲ. “ಇಲಿಬೋನಿಗೆ ಏನು ಕಟ್ತಾರೆ ದೊಡ್ಡಮ್ಮ? ಇಲಿಗೆ ಇಷ್ಟವಾದದ್ದನ್ನೇ ತಾನೇ?”

ಅದು ಸರಿಯಾದ ಪ್ರಶ್ನೆಯೇ. ಯಂತ್ರಗಳು ವಿಷವಿಲ್ಲ ಎಂದಿರಲಿಲ್ಲ. ತಮಗೆ ಗೊತ್ತಿರುವ ವಿಷವಿಲ್ಲ ಎಂದಿದ್ದವು, ಅಷ್ಟೆ. ಆದರೆ ಆ ಬಾಗಿಲ ಹಿಂದೆಯೂ ಯಾರೋ ನಮ್ಮ ನೀರನ್ನು ಮುಂದಿಟ್ಟುಕೊಂಡು ಇದೇ ಪ್ರಶ್ನೆಯೊಂದಿಗೆ ಕೂತಿರಬೇಕು. ಅವರು ಕುಡಿದರೋ ಇಲ್ಲವೋ, ಗೊತ್ತಿಲ್ಲ. ಓಡಿಹೋಗಲಂತೂ ಇಲ್ಲ. ಅಳೆದರು, ಉತ್ತರ ಕಳಿಸಿದರು.

“ರುಚಿಯ ಕಲಂ ಖಾಲಿ ಬಿಡು,” ಭಾವ ದನಿ ತಗ್ಗಿಸಿದರು. “ನಿನಗೇನಾದ್ರೂ ಆದ್ರೆ ನಿಮ್ಮಕ್ಕನಿಗೆ ಯಾವ ಮುಖ ತೋರಿಸ್ಲಿ?”

“ಖಾಲಿ ಕಲಮಿನ ಕೆಳಗೆ ನಾನು ಇವತ್ತಿನವರೆಗೂ ಸಹಿ ಹಾಕಿಲ್ಲ. ನೋಡದೆ ಅಯೋಗ್ಯ ಅಂದ್ರೆ ಅದು ವರದಿ ಅಲ್ಲ ಭಾವ, ಹೆದರಿಕೆ.”

ಗಡಿಯಾರ ಹತ್ತೂವರೆ ತೋರಿಸುತ್ತಿತ್ತು. ಅವಳು ಒಂದು ಗುಟುಕು ಬಾಯಿಗೆ ಹಾಕಿಕೊಂಡಳು. ದೊಡ್ಡಮ್ಮ ಬೆರಳು ಮಡಚುತ್ತ ಎಣಿಸಿದಳು. ಹತ್ತಕ್ಕೆ ಭಾವ ಉಗುಳುವ ಬಟ್ಟಲನ್ನು ತಾವೇ ಮುಂದೆ ಹಿಡಿದರು.

ಅವಳು ನುಂಗಿದಳು. ಉಗುಳಿದರೆ ರುಚಿ ತಿಳಿಯುತ್ತದೆ, ಯೋಗ್ಯವೋ ಅಲ್ಲವೋ ತಿಳಿಯುವುದಿಲ್ಲ.

ಮೂವರೂ ಕೂತರು. ಭಾವ ಹತ್ತು ನಿಮಿಷಕ್ಕೊಮ್ಮೆ ಅವಳ ನಾಡಿ ಹಿಡಿದು ನೋಡಿದರು. ಹನ್ನೆರಡಕ್ಕೆ ಐದು ನಿಮಿಷವಿದ್ದಾಗ ಅವಳು ಬರೆದಳು: ‘ರುಚಿ: ತುಸು ಕ್ಲೋರಿನ್, ಉಳಿದಂತೆ ಸಿಹಿನೀರು. ನುಂಗಿ ಎಂಬತ್ತೈದು ನಿಮಿಷ, ತೊಂದರೆ ಇಲ್ಲ. ಕುಡಿಯಲು ಯೋಗ್ಯ.’ ಸಹಿ ಹಾಕಿದಳು. ಭಾವ ಅದನ್ನು ಎರಡು ಸಲ ಓದಿ, ಕೆಳಗೆ ತಾವೂ ಸಹಿ ಮಾಡಿದರು.

ಅವಳು ಉಳಿದ ನೀರನ್ನು ಶೀಶೆಗಳಿಗೆ ಬಗ್ಗಿಸಿಟ್ಟು, ಪಾತ್ರೆಯನ್ನು ಮತ್ತೆ ನಲ್ಲಿಯ ಕೆಳಗೆ ಹಿಡಿದಳು. ತುಂಬಿದ ಮೇಲೆ ಕಿಟಕಿಯ ಬಳಿ ಇಟ್ಟಳು.

“ಮುಚ್ಚಳ?” ಎಂದರು ಭಾವ.

“ನಾಳೆವರೆಗೂ ತೆರೆದೇ ಇರ್ಲಿ, ಕ್ಲೋರಿನ್ ಹಾರಿಹೋಗುತ್ತೆ. ಪಾಪ, ಅವರಿಗೂ ಅದು ಹಿಡಿಸಿರಲಿಕ್ಕಿಲ್ಲ.”