ಎಲ್ಲರದೂ ಊಟ ಆಗಿತ್ತು

ಎರಡು ಸಾವಿರದ ಒಂಬತ್ತರ ಆಗಸ್ಟಿನಲ್ಲಿ ಹಂದಿಜ್ವರ ಬೆಂಗಳೂರಿನಲ್ಲಿ ಹಬ್ಬಿದಾಗ, ಶಿವಾಜಿನಗರದ ಸರ್ಕಾರಿ ಆಸ್ಪತ್ರೆಯ ಎಮರ್ಜೆನ್ಸಿಯಲ್ಲಿ ಆಯಾ ಮಂಜುಳಮ್ಮನ ಸೇವೆಗೆ ಇಪ್ಪತ್ತಾರು ವರ್ಷ ತುಂಬಿತ್ತು. ಡಾಕ್ಟರುಗಳು ಬಂದರು, ಹೋದರು. ತಾನು ಮಾತ್ರ ಇದ್ದೇನೆ ಎಂಬ ಹೆಮ್ಮೆ ಅವಳದು. ಇರಲೇಬೇಕಾದ ಹೆಮ್ಮೆ ಬಿಡಿ, ಯಾರು ಬೇಕಾದರೂ ಮೂಗು ಮುರಿಯಲಿ.

ಜ್ವರದವರ ಸಾಲಿನಲ್ಲಿ ಬಂದವರಿಗೆ ಜ್ವರವೊಂದೇ ಕಷ್ಟವಾಗಿರಲಿಲ್ಲ. ಕೆಮ್ಮಿದ್ದೇ ತಡ, ಮೇಸ್ತ್ರಿ ಕೆಲಸಕ್ಕೆ ಬರಬೇಡ ಎಂದಿದ್ದ. ಮನೆ ಮಾಲೀಕ ನಲ್ಲಿ ಮುಟ್ಟಬೇಡ ಎಂದಿದ್ದ. ಇದನ್ನು ಕಂಡು ಮರುಗಿದ ಚಿಕ್ಕ ವಯಸ್ಸಿನ ಡಾಕ್ಟರ್ ಮಹೀನ್ ಒಂದು ಫಾರಂ ಮಾಡಿದ್ದಳು. ಕೆಲಸ ಇದೆಯೇ, ಮನೆ ಇದೆಯೇ, ಊಟ ಆಯಿತೇ ಎಂಬ ಪ್ರಶ್ನೆಗಳು. ಹಸಿದವರಿಗೆ ದಿನಾ ಊಟ ಕಳಿಸಲು ಮಸೀದಿ ರಸ್ತೆಯ ಹೋಟೆಲಿನ ಜಿಯಾವುಲ್ಲಾ ಒಪ್ಪಿದ್ದರು. ಎಷ್ಟು ಜನಕ್ಕೆಂದು ಸಂಜೆ ನಾಲ್ಕರೊಳಗೆ ತಿಳಿಸಬೇಕಿತ್ತು.

ಮೂರು ಗಂಟೆಗೆ ಮಹೀನ್ ಫಾರಂಗಳನ್ನು ಎಣಿಸಿದಳು. ನಲವತ್ತೊಂದು. ನಲವತ್ತೊಂದರಲ್ಲೂ ‘ಊಟ ಆಯಿತು’ ಎಂದೇ ಇತ್ತು.

"ಯಾರಿಗೂ ಬೇಕಿಲ್ಲ ಮಂಜುಳಮ್ಮ. ಹೋಟೆಲ್ ಸಾಹೇಬ್ರಿಗೆ ಫೋನ್ ಮಾಡಿ ಬೇಡ ಅಂದ್ಬಿಡ್ತೀನಿ."

ಮಂಜುಳಮ್ಮನಿಗೆ ನಗು ಬಂತು, ಅದರ ಹಿಂದೆಯೇ ಸಿಟ್ಟೂ ಬಂತು. "ಊಟ ಆಯ್ತಾ ಅಂದ್ರೆ ಯಾರಾದ್ರೂ ಇಲ್ಲ ಅಂತಾರಾ ಮೇಡಂ? ಹೊಟ್ಟೆ ಮೇಲೆ ತಣ್ಣೀರು ಬಟ್ಟೆ ಹಾಕ್ಕೊಂಡಿದ್ರೂ ಆಯ್ತು ಅಂತಾನೇ ಅನ್ನೋದು. ಫೋನ್ ಇಡಿ, ಬನ್ನಿ ನನ್ ಜೊತೆ."

ಸಾಲಿನ ತುದಿಯಲ್ಲಿ ಸಾಬಮ್ಮ ಕೂತಿದ್ದಳು. ಯಾದಗಿರಿ ಕಡೆಯವಳು, ಗರುಡಾಚಾರ್‌ಪಾಳ್ಯದಲ್ಲಿ ಬಾಡಿಗೆ ರೂಮು. ಗಂಡ ಭಗವಂತರಾಯ ಒಳಗೆ ಆಕ್ಸಿಜನ್ ಹಾಕಿಸಿಕೊಂಡು ಮಲಗಿದ್ದ. ಬೆಳಗ್ಗೆ ಇಡೀ ವಾರ್ಡಿಗೆ ಕೇಳಿಸುವಂತೆ ‘ಊಟ ಆಗ್ಯಾದ್ರಿ’ ಎಂದಿದ್ದವಳು ಇವಳೇ.

ಮಂಜುಳಮ್ಮ ಮಾಸ್ಕ್ ಸರಿಮಾಡಿಕೊಂಡು ಅವಳ ಪಕ್ಕ ನೆಲದ ಮೇಲೆ ಕೂತಳು. ಊಟದ ಸುದ್ದಿಯನ್ನೇ ಎತ್ತಲಿಲ್ಲ.

"ನಿಮ್ಮನೇಲಿ ಕೊನೇ ಸಲ ಒಲೆ ಹಚ್ಚಿದ್ದು ಯಾವತ್ತಮ್ಮಾ?"

ಇದಕ್ಕೆ ‘ಆಗ್ಯಾದ್ರಿ’ ಎನ್ನುವಂತಿರಲಿಲ್ಲ. ಸಾಬಮ್ಮ ಬೆರಳು ಮಡಚಿ ದಿನ ಎಣಿಸಿದಳು. "ಶನಿವಾರ್ರಿ" ಎಂದಳು. ಅವತ್ತು ಮಂಗಳವಾರ.

ಮಹೀನ್ ಪೆನ್ನು ತೆಗೆದದ್ದು ಕಂಡದ್ದೇ ಸಾಬಮ್ಮ ನೆಟ್ಟಗಾದಳು. "ಏನ್ ಬರಿಲಾಕತ್ತೀರಿ ಅಕ್ಕೋರೆ?"

"ಊಟ ಕಳಿಸ್ಬೇಕು ಅಂತ."

"ಹೊಡದು ಹಾಕ್ರಿ. ನಾವು ಬೇಡಾವರಲ್ಲ."

ಮಹೀನಳ ಕೈ ನಿಂತಿತು. ಗಡಿಯಾರ ಮೂರೂವರೆ ದಾಟಿತ್ತು. ಮಂಜುಳಮ್ಮ ದನಿ ಗಡುಸು ಮಾಡಿಕೊಂಡಳು. "ನೀನು ಬರೆಸಲ್ಲ ಅಂದ್ರೆ ಈ ಸಾಲಲ್ಲಿ ಇನ್ಯಾರೂ ಬಾಯಿ ಬಿಡಲ್ಲ ಕಣಮ್ಮ. ಅಲ್ನೋಡು, ಆ ಹಾಲು ಕುಡಿಸೋಳೂ ಬಿಡಲ್ಲ."

ಸಾಬಮ್ಮ ನೋಡಿದಳು. ಎದುರಿಗೆ ಮಗು ಅಳುತ್ತಿತ್ತು, ತಾಯಿ ಅದನ್ನು ಎದೆಯಿಂದ ಎದೆಗೆ ಬದಲಿಸುತ್ತಲೇ ಇದ್ದಳು. ಸಾಬಮ್ಮ ಸೆರಗು ಬಿಗಿದು ಎದ್ದು ನಿಂತಳು.

"ಹಂಗಿದ್ರ ನನ್ನ ಹೆಸರೇ ಮೊದ್ಲು ಬರೀರಿ. ಆದ್ರ ಪೂರಾ ಬರೀರಿ. ಹನ್ನೊಂದು ವರ್ಷ ಈ ಊರಾಗ ಇಟ್ಟಂಗಿ ಹೊತ್ತೀನಿ. ಈ ಜಡ್ಡು ಬರೋತನಕ ಒಬ್ಬರ ಮುಂದ ಕೈ ಚಾಚಿಲ್ಲ. ಅದನ್ನೂ ಬರೀರಿ."

ಫಾರಂನಲ್ಲಿ ಅದಕ್ಕೆ ಜಾಗವಿರಲಿಲ್ಲ. ಮಹೀನ್ ಹಾಳೆ ತಿರುವಿ ಹಾಕಿ ಬೆನ್ನಲ್ಲಿ ಒಂದಕ್ಷರ ಬಿಡದೆ ಬರೆದಳು. ಸಾಬಮ್ಮ ಸಾಲಿನ ಕಡೆ ತಿರುಗಿ, "ನಾ ಬರಸೀನಿ, ನೀವೂ ಬರಸ್ರಿ" ಎಂದಳು. ಮೊದಲು ಆ ತಾಯಿ ಬಂದಳು. ಆಮೇಲೆ ತಳ್ಳಾಟವೇ ಆಯಿತು. ಇಂದಿರಾನಗರದಲ್ಲಿ ನಾಲ್ಕಂತಸ್ತಿನ ಮನೆಗೆ ಗಾರೆ ಮಾಡಿದವನು, ಮೂವರು ತಂಗಿಯರ ಮದುವೆ ಮಾಡಿದ ಟೈಲರ್ ಶಾಹಬಾಜ್, ಹೀಗೆ ಒಬ್ಬೊಬ್ಬರೂ ತಮ್ಮ ಹಾಳೆಯ ಬೆನ್ನಿಗೆ ಒಂದು ಮಾತು ಬರೆಸಿಯೇ ಹೆಸರು ಕೊಟ್ಟರು.

ನಾಲ್ಕಕ್ಕೆ ಫೋನ್ ಬಂತು. ಮೂವತ್ತೆಂಟು ಜನ ಎಂದಳು ಮಹೀನ್. ಆ ಕಡೆಯಿಂದ ಜಿಯಾವುಲ್ಲಾ, "ಪಾಪ, ಗರೀಬ್ ಜನ. ಏನಾದ್ರೂ ಒಂದು ಚಿತ್ರಾನ್ನ ಕಳಿಸಿಬಿಡ್ತೀನಿ" ಎಂದದ್ದು ಪಕ್ಕದಲ್ಲಿದ್ದ ಮಂಜುಳಮ್ಮನಿಗೂ ಕೇಳಿಸಿತು. ಡಾಕ್ಟರ ಕೈಯಿಂದ ಫೋನ್ ಕಿತ್ತುಕೊಂಡಳು.

"ಪಾಪ ಅನ್ಬೇಡಿ ಸಾಹೇಬ್ರೆ. ಈ ಊರು ಕಟ್ಟಿದೋರು ಊಟಕ್ಕೆ ಕೂರ್ತಾ ಇದಾರೆ. ಪಲ್ಯ, ಸಾರು ಎಲ್ಲಾ ಮಾಡಿಸಿ, ಬಿಸಿಬಿಸಿ ಕಳ್ಸಿ."